ಕೆಳಗಿನ ಮನೆಯ ಊಟ

ನನ್ನ ಗೆಳತಿ ಬೈಯಪ್ಪನಹಳ್ಳಿಗೆ ಬಂದಿಳಿದು ಹದಿನೈದು ನಿಮಿಷವೂ ಆಗಿರಲಿಲ್ಲ, ಆಗಲೇ ನನ್ನ ಓನರ್ ಆಂಟಿಯ ಅಡುಗೆಮನೆಯೊಳಗೆ ಹೋಗಿ ಕೂತಿದ್ದಳು. ಆ ಮನೆಯ ಮೇಲಿನ ಕೋಣೆಯಲ್ಲಿ ನಾನು ಆರು ವರ್ಷದಿಂದ ಬಾಡಿಗೆಗಿದ್ದೇನೆ. ಆರು ವರ್ಷದಲ್ಲಿ ನಾನು ಕಂಡದ್ದು ಅವರ ಹೊಸ್ತಿಲು, ಹೊಸ್ತಿಲಾಚೆ ಒಂದು ಚಪ್ಪಲಿ ಸ್ಟ್ಯಾಂಡು, ಬಾಗಿಲು ಪೂರ್ತಿ ತೆರೆದಿದ್ದ ದಿನ ಟಿ.ವಿ.ಯ ಅರ್ಧ ಭಾಗ. ಅಡುಗೆಮನೆ ಯಾವ ಕಡೆಗಿದೆ ಎಂಬುದು ಒಗ್ಗರಣೆಯ ವಾಸನೆಯಿಂದ ಗೊತ್ತಿತ್ತು, ಅಷ್ಟೇ.

ಬಂದವರು ಇಬ್ಬರು. ಧಾರವಾಡದ ಹಾಸ್ಟೆಲಿನಲ್ಲಿ ನಾವು ಮೂವರೂ ಒಂದೇ ಕೋಣೆಯಲ್ಲಿದ್ದವರು. ಒಬ್ಬಳು ಈಗ ಗದಗಿನ ಒಂದು ಶಾಲೆಯಲ್ಲಿ ಟೀಚರು, ಇನ್ನೊಬ್ಬಳು ಅದೇ ಊರಿನಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ. ನಾನು ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆದುಕೊಡುತ್ತೇನೆ. ಕ್ರಿಸ್‌ಮಸ್ ರಜೆಗೆ ಒಂದೆರಡು ದಿನ ಸೇರಿಸಿಕೊಂಡು ಬೆಂಗಳೂರು ನೋಡಲು ಬರುತ್ತೇವೆ ಅಂದಾಗ ಕುಣಿದಾಡಿಬಿಟ್ಟಿದ್ದೆ. ಎಲ್ಲಿ ಏನು ತಿನ್ನಬೇಕು, ಏನು ನೋಡಬೇಕು ಅಂತ ಎರಡು ಪುಟದ ಪಟ್ಟಿ ಮಾಡಿದ್ದೆ.

ಅವರ ಬ್ಯಾಗು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಟೇಲರ್ ಗೆಳತಿ ನನ್ನ ಹಿಂದೆ ಇದ್ದಳು. ಟೀಚರು ಕೆಳಗೇ ನಿಂತಳು. ಆಂಟಿಯ ದನಿ ಕೇಳಿಸಿತು.

"ಕಾಫಿ ಕುಡೀತೀಯೇನಮ್ಮ?"

"ಕೊಡ್ರಿ ಅವ್ವಾರ. ಸಕ್ಕರಿ ಒಂದ ಚಮಚ ಜಾಸ್ತಿನ ಹಾಕ್ರಿ."

ನನಗೆ ಮೆಟ್ಟಿಲ ಮೇಲೇ ನಾಚಿಕೆಯಾಯಿತು. ಗುರುತು ಪರಿಚಯ ಇಲ್ಲದ ಮನೆಯಲ್ಲಿ ಸಕ್ಕರೆ ಲೆಕ್ಕ ಹೇಳುತ್ತಿದ್ದಾಳಲ್ಲ ಅನ್ನಿಸಿತು. ಬ್ಯಾಗು ಇಳಿಸಿ ಅವಳನ್ನು ಕರೆಯಲು ಬಂದಾಗ ಅವಳು ಅಂಗಳದಲ್ಲಿರಲಿಲ್ಲ. ಚಪ್ಪಲಿ ಹೊಸ್ತಿಲ ಬಳಿ ಇತ್ತು. ಒಳಗಿನಿಂದ ಆಂಟಿ ನಗುವುದು ಕೇಳಿಸಿತು. ಅವರ ನಗು ಹೀಗಿರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಂಟಿಯ ಬಗ್ಗೆ ಹೇಳಬೇಕು. ಅರವತ್ತರ ಆಸುಪಾಸಿನವರು. ಗಂಡ, ಮಗ, ಸೊಸೆ, ಮೊಮ್ಮಕ್ಕಳು ಇರುವ ತುಂಬಿದ ಮನೆ. ಬೈಯಪ್ಪನಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಇದ್ದವರು, ಅವರ ರಾಗಿ ಹೊಲ ಇದ್ದಲ್ಲಿ ಈಗ ಏಳು ಮಹಡಿಯ ಅಪಾರ್ಟ್‌ಮೆಂಟು ಇದೆ. ನನಗೆ ಅವರು ಕೇಡು ಮಾಡಿದವರಲ್ಲ, ಒಂದು ದಿನವೂ ದನಿ ಏರಿಸಿದವರಲ್ಲ. ಆದರೆ ನಮ್ಮ ಮಾತು "ಮೇಡಮ್, ಮೋಟರ್ ಹಾಕಿದೀನಿ, ನೀರು ಹಿಡ್ಕೊಳ್ಳಿ", "ಮೇಡಮ್, ಕಸದ ಗಾಡಿ ಬಂತು" ಎಂಬುದನ್ನು ದಾಟಿರಲಿಲ್ಲ. ಒಮ್ಮೆ ನಾನೇ ಮೇಲೆ ಬಿದ್ದು, ನಿಮ್ಮ ಕಣ್ಣು ಪರೀಕ್ಷೆ ಮಾಡ್ತೀನಿ ಬನ್ನಿ ಅಂದಿದ್ದೆ. "ನೋಡಣ ಮೇಡಮ್" ಅಂದರು. ಮುಂದಿನ ತಿಂಗಳು ಬೇರೆ ಎಲ್ಲೋ ಮಾಡಿಸಿದ ಹೊಸ ಕನ್ನಡಕ ಅವರ ಮೂಗಿನ ಮೇಲಿತ್ತು. ಆ ಕನ್ನಡಕವನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ನಿಜ ಹೇಳುತ್ತೇನೆ. ನನಗೆ ಆ ಮನೆಯ ಮೇಲೆ ಆಸೆಯಿತ್ತು. ಈ ಊರಿನಲ್ಲಿ ನನಗೆ ಕೆಲಸವಿದೆ, ಮೆಟ್ರೊ ಕಾರ್ಡಿದೆ, ತರಕಾರಿಯವನ ಪರಿಚಯವಿದೆ. ಬೆಲ್ಲು ಒತ್ತದೆ ಒಳಗೆ ಹೋಗಿ, ಏನು ಅಡುಗೆ ಅಂತ ಕೇಳಬಹುದಾದ ಒಂದು ಮನೆ ಮಾತ್ರ ಇಲ್ಲ. ಅದು ಕೆಳಗಿನ ಮನೆಯೇ ಆಗಬಹುದಿತ್ತು ಅಂತ ಮೊದಲ ವರ್ಷವೆಲ್ಲ ಕಾದೆ. ಸಂಜೆ ಕ್ಲಿನಿಕ್ಕಿನಿಂದ ಬಂದಾಗ ಬೇಕೆಂದೇ ಮೆಟ್ಟಿಲು ನಿಧಾನವಾಗಿ ಹತ್ತುತ್ತಿದ್ದೆ. ಯಾರೂ ಕರೆಯಲಿಲ್ಲ. ಬೆಂಗಳೂರಿನವರೇ ಹೀಗೆ ಅಂತ ಊರಿನ ಮೇಲೆ ಹಾಕಿ ಸುಮ್ಮನಾಗಿದ್ದೆ.

ಈಗ ನೋಡಿದರೆ ಬೆಂಗಳೂರಿನವರು ಹಾಗಿರಲಿಲ್ಲ, ನನಗೆ ಮಾತ್ರ ಹಾಗಿದ್ದರು. ಅದೂ ಗೊತ್ತಾದದ್ದು ಈ ಟೀಚರಿಂದ. ಇದು ಹೊಸದೇನಲ್ಲ. ಹಾಸ್ಟೆಲಿಗೆ ನಮ್ಮವ್ವ ಕಟ್ಟಿ ಕಳಿಸಿದ ಶೇಂಗಾ ಹೋಳಿಗೆಯ ಗಂಟು ಬಿಚ್ಚುತ್ತಿದ್ದವಳು ನಾನಲ್ಲ, ಇವಳು. ಅದಕ್ಕೆ ನಮ್ಮವ್ವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ತಿಂದರೆ ಹೀಗೆ ಬಾಯಿತುಂಬ ತಿನ್ನಬೇಕು ಅಂತ ಇವಳನ್ನು ಹೊಗಳಿ, ಮುಂದಿನ ಸಲ ಇವಳಿಗೇ ಬೇರೆ ಡಬ್ಬಿ ಕಳಿಸಿದಳು. ಈ ಸಲವೂ ಅಷ್ಟೇ. ಅವರು ಬಂದ ದಿನ ಫೋನು ಮಾಡಿದ ನಮ್ಮವ್ವ ನನ್ನನ್ನು ಕೇಳಿದ ಮೊದಲ ಮಾತು, "ಆಕಿ ಉಂಡಳೇನ?"

ಅಂದು ಮಧ್ಯಾಹ್ನ ಹಲಸೂರಿಗೆ ಹೋದೆವು. ಪಟ್ಟಿಯಲ್ಲಿ ಮೊದಲು ಕೆರೆ, ಆಮೇಲೆ ಸೋಮೇಶ್ವರ ದೇವಸ್ಥಾನ. ಕೆರೆಯ ಬೇಲಿಗೆ ಆತುಕೊಂಡು ಫೋಟೊ ತೆಗೆಸಿಕೊಂಡೆವು. ನಾನು ಕೆರೆಯ ಬಗ್ಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟೀಚರು ಶುರುಮಾಡಿದಳು.

"ಅವ್ವಾರ ತವರುಮನಿ ಇಲ್ಲೇ ಅಂತ. ಸಣ್ಣಾಕಿದ್ದಾಗ ಈ ಕೆರಿ ದಂಡಿಗುಂಟ ಸಾಲಿಗೆ ಹೊಕ್ಕಿದ್ರಂತ. ಲಗ್ನ ಆಗಿದ್ದು ಇದ ಗುಡಿಯೊಳಗ."

"ಇಷ್ಟೆಲ್ಲ ಯಾವಾಗ ಹೇಳಿದ್ರು?" ಅಂದೆ.

"ಮುಂಜಾನೆ, ಕಾಫಿ ಕುಡಿಯುವಾಗ. ನಿನಗ ಗೊತ್ತಿಲ್ಲೇನ?"

ಗೊತ್ತಿದೆ ಅಂದೆ. ಅದು ಆ ರಜೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು. ಗುಡಿಯ ಕಂಬಗಳ ಮೇಲಿನ ಕೆತ್ತನೆಯನ್ನು ಟೇಲರ್ ಗೆಳತಿ ಬ್ಲೌಸಿನ ಡಿಸೈನಿಗೆ ಬರುತ್ತದೆಂದು ಒಂದೊಂದಾಗಿ ಫೋಟೊ ತೆಗೆಯುತ್ತಿದ್ದಳು. ಟೀಚರು ಮಂಟಪದಲ್ಲಿ ನಿಂತು, ಇಲ್ಲೇ ಧಾರೆ ಎರೆದಿರಬೇಕು ಅಂತ ಅಂದಾಜು ಮಾಡುತ್ತಿದ್ದಳು. ಈ ಗುಡಿಗೆ ನಾನು ಹತ್ತಾರು ಸಲ ಬಂದಿದ್ದೆ. ಅಂದು ಯಾರದೋ ಮನೆಯ ಮದುವೆಗೆ ಕರೆಯದೆ ಬಂದವಳ ಹಾಗೆ ಒಂದು ಮೂಲೆಯಲ್ಲಿ ನಿಂತಿದ್ದೆ.

ಮನೆಗೆ ಬಂದ ಮೇಲೆ ಟೀಚರು ಮತ್ತೆ ಕೆಳಗೆ ಹೋದಳು. ಒಂದು ಗಂಟೆಯ ನಂತರ ಹೊಟ್ಟೆ ಹಿಡಿದುಕೊಂಡು ಮೇಲೆ ಬಂದಳು. ರಾಗಿಮುದ್ದೆ ತಿನ್ನಿಸಿದ್ದರಂತೆ. ನಮ್ಮದು ರೊಟ್ಟಿಯ ಊರು, ಮುದ್ದೆ ನಮಗೆ ಅಭ್ಯಾಸವಿಲ್ಲ.

"ಅಗೀಬಾರದಂತ, ನುಂಗಬೇಕಂತ. ನಾ ಅಗದ ಅಗದ ದವಡಿ ನೋಯಿಸ್ಕೊಂಡೆ. ಅವ್ವಾರು ಬಿದ್ದ ಬಿದ್ದ ನಕ್ಕರು," ಅಂದಳು.

ನಾನು ಆ ರಾತ್ರಿಯ ಊಟಕ್ಕೆ ಅಂತ ಪಟ್ಟಿಯಲ್ಲಿ ಬರೆದಿದ್ದ ಹೋಟೆಲಿಗೆ ಆಮೇಲೆ ನಾನೂ ಟೇಲರ್ ಗೆಳತಿಯೂ ಇಬ್ಬರೇ ಹೋಗಿಬಂದೆವು. ದೋಸೆ ಚೆನ್ನಾಗಿತ್ತಂತೆ. ನನಗೆ ರುಚಿ ನೆನಪಿಲ್ಲ.

ಎರಡನೆಯ ದಿನ ಶಿವಾಜಿನಗರ. ಹೊರಡುವಾಗ ಕೆಳಗೆ ಆಂಟಿ ಕೈಚೀಲ ಹಿಡಿದು, ಚಪ್ಪಲಿ ಹಾಕಿಕೊಂಡು ನಿಂತಿದ್ದರು. ಟೀಚರು ಅವರನ್ನೂ ಕರೆದುಬಿಟ್ಟಿದ್ದಳು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಮೆಟ್ರೊ ಸ್ಟೇಷನ್ನಿನ ಎಸ್ಕಲೇಟರ್ ಎದುರು ಆಂಟಿ ಹಿಂಜರಿದರು. ನಾನು ಕೈ ಚಾಚುವ ಮೊದಲೇ ಟೀಚರು ಅವರ ಕೈ ಹಿಡಿದಿದ್ದಳು. ಇಬ್ಬರೂ ನನ್ನ ಮುಂದಿನ ಮೆಟ್ಟಿಲ ಮೇಲೆ ಕೈ ಕೈ ಹಿಡಿದು ಮೇಲೇರಿದರು. ಆ ಎಸ್ಕಲೇಟರನ್ನು ನಾನು ದಿನಕ್ಕೆರಡು ಸಲ ಬಳಸುತ್ತೇನೆ. ಅದರ ಮೇಲೆ ಹೊಟ್ಟೆ ಉರಿದದ್ದು ಅದೇ ಮೊದಲು.

ಎಂ.ಜಿ. ರಸ್ತೆಯಲ್ಲಿ ಇಳಿದು ಆಟೋ ಹಿಡಿದೆವು. ರಸೆಲ್ ಮಾರ್ಕೆಟ್ಟಿಗೆ ಕಾಲಿಟ್ಟಿದ್ದೇ ಆಂಟಿ ಬೇರೆ ಮನುಷ್ಯರಾದರು. ಹೂವಿನವಳ ಹತ್ತಿರ ತಮಿಳು, ನಿಂಬೆಹಣ್ಣಿನವನ ಹತ್ತಿರ ಉರ್ದು, ಎರಡರ ನಡುವೆ ನನ್ನ ಗೆಳತಿಯರಿಗೆ ಕನ್ನಡದಲ್ಲಿ ವಿವರಣೆ. ಅವರೆಕಾಯಿಯ ರಾಶಿಯ ಮುಂದೆ ಕೂತು ಒಂದು ಹಿಡಿ ತೆಗೆದು ಮೂಸಿ, ಟೀಚರ ಮೂಗಿಗೆ ಹಿಡಿದರು.

"ನೋಡು, ಇದೇ ಸೊಗಡು. ಚಳಿ ಚೆನ್ನಾಗಿ ಬಿದ್ರೆ ಮಾತ್ರ ಈ ವಾಸ್ನೆ ಬರೋದು. ಕೈಗೆ ಅಂಟಿದ್ರೆ ಸೋಪ್ ಹಾಕಿದ್ರೂ ಹೋಗಲ್ಲ."

ಆರು ಚಳಿಗಾಲ ಈ ಊರಿನಲ್ಲಿ ಕಳೆದಿದ್ದೇನೆ. ನನಗೆ ಯಾರೂ ಅವರೆಕಾಯಿ ಮೂಸಲು ಕೊಟ್ಟಿರಲಿಲ್ಲ. ಅವರು ಎರಡು ಕೈಚೀಲದ ತುಂಬ ಕೊಂಡರು. ಒಂದನ್ನು ಟೀಚರು ಹೊತ್ತಳು. ಇನ್ನೊಂದನ್ನು ಕೊಡಿ ಅಂದರೆ ಆಂಟಿ ಕೊಡಲಿಲ್ಲ. "ನಿಮಗ್ಯಾಕೆ ಮೇಡಮ್ ತೊಂದರೆ" ಅಂದರು.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಟೇಲರ್ ಗೆಳತಿ ಲೇಸು, ಬಟನ್ನು ಅಂತ ಎರಡು ಗಂಟೆ ಕಳೆದಳು. ಅಂಗಡಿಗಳ ಮುಂದೆ ಕ್ರಿಸ್‌ಮಸ್ಸಿನ ನಕ್ಷತ್ರಗಳು ತೂಗಾಡುತ್ತಿದ್ದವು. ಸುಸ್ತಾಗಿ ಒಂದು ಹಳೇ ಬೇಕರಿಯ ಮುಂದೆ ನಿಂತಾಗ ಆಂಟಿ ಒಳಗೆ ಹೋಗಿ ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದರು. ಕೊಬ್ಬರಿ, ಬಣ್ಣದ ಹಣ್ಣಿನ ಚೂರು ತುಂಬಿದ ದೊಡ್ಡ ಕಡುಬಿನಂಥದ್ದು. ಮುರಿದು ಒಂದು ಚೂರು ಟೀಚರಿಗೆ, ಒಂದು ಟೇಲರಿಗೆ ಕೈಯಲ್ಲೇ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ತಡೆದರು.

"ಮೇಡಮ್, ನೀವು ತಿಂತೀರಾ? ಬೇಕರೀದು, ಮೊಟ್ಟೆ ಗಿಟ್ಟೆ ಹಾಕಿರ್ತಾರೇನೋ."

"ಬ್ಯಾಡ್ರಿ," ಅಂದೆ.

ಅವರು ಪೊಟ್ಟಣ ಮಡಚಿದರು. ಕೊಡುವ ಮನಸ್ಸಿದ್ದವರು ಕೇಳಿಕೊಂಡು ಕೊಡುತ್ತಾರೆಯೇ ಅಂತ ನಾನು ಒಳಗೊಳಗೇ ಕುದಿದೆ. ಇವರಿಬ್ಬರಿಗೆ ಕೊಟ್ಟ ಚೂರಿನಲ್ಲಿ ಮಾತ್ರ ಮೊಟ್ಟೆ ಇರುವುದಿಲ್ಲವೇ? ಟೇಲರ್ ಗೆಳತಿ ಬಾಯಿಯ ಸುತ್ತ ಪುಡಿ ಮೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಿನ್ನ ಮಾರಿ ಯಾಕ ಹಿಂಗಾಗೇತಿ?"

"ಬಿಸಲು," ಅಂದೆ.

ಸಂಜೆ ಮೇಲಿನಿಂದ ಇಣುಕಿದಾಗ ಅಂಗಳದಲ್ಲಿ ಮೂವರೂ ಚಾಪೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಆಂಟಿ ಅದೇನೋ ಹೇಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ತಡೆಯಲಾರದೆ ಇಳಿದೆ. ನನ್ನನ್ನು ಕಂಡು ಆಂಟಿ ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

"ಮೇಡಮ್‌ಗೆ ಕುರ್ಚಿ ಕೊಡಮ್ಮ," ಅಂತ ಟೀಚರಿಗೆ ಹೇಳಿದರು.

ಟೀಚರು, ಅವರ ಮನೆಯ ಮಗಳೇ ಆದವಳ ಹಾಗೆ, ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ನಾನು ಕೂತೆ. ಅವರು ಕೆಳಗೆ, ನಾನು ಮೇಲೆ, ಶಾಲೆಗೆ ಇನ್‌ಸ್ಪೆಕ್ಟರು ಬಂದು ಕೂತ ಹಾಗೆ. ನಾನು ಬಂದ ಮೇಲೆ ನಗು ನಿಂತುಹೋಯಿತು. ನನ್ನ ಮಡಿಲಿಗೆ ಯಾರೂ ನಾಲ್ಕು ಕಾಯಿ ಹಾಕಲಿಲ್ಲ. ಕೇಳಿ ಹಾಕಿಸಿಕೊಳ್ಳುವ ಬಾಯಿ ನನಗಿಲ್ಲ. ಐದು ನಿಮಿಷ ಇದ್ದು, ಫೋನು ಬಂತು ಅಂತ ಎದ್ದೆ.

ಮೂರನೆಯ ದಿನ ಬೆಳಗ್ಗೆ ನಾನು ಹಾಲು ತರಲು ಇಳಿದಾಗ ಆಂಟಿ ಹೊಸ್ತಿಲಲ್ಲಿ ಪಾತ್ರೆ ಇಟ್ಟುಕೊಂಡು ಕೂತಿದ್ದರು. ನೀರಲ್ಲಿ ನೆನೆದ ಅವರೆಕಾಳನ್ನು ಬೆರಳ ನಡುವೆ ಒಂದೊಂದಾಗಿ ಹಿತುಕಿ, ಸಿಪ್ಪೆ ಬಿಟ್ಟು ಒಳಗಿನ ಬೇಳೆಯನ್ನು ಹಾರಿಸುತ್ತಿದ್ದರು. ಎರಡು ಚೀಲದ ಕಾಯಿಯ ಕಾಳು. ಮಧ್ಯಾಹ್ನದವರೆಗೂ ಮುಗಿಯುವ ಕೆಲಸವಲ್ಲ.

"ಮೇಡಮ್, ನಾಳೆ ನಿಮ್ ಫ್ರೆಂಡ್ಸ್ ಹೊರಟುಬಿಡ್ತಾರಲ್ಲ. ಸಂಜೆ ಏಳಕ್ಕೆ ನಮ್ಮನೇಗೆ ಊಟಕ್ಕೆ ಬರಕ್ಕೆ ಹೇಳ್ಬಿಡಿ. ಹಿತಕಬೇಳೆ ಸಾರು ಮಾಡ್ತೀನಿ." ಆಮೇಲೆ ಪಾತ್ರೆಯ ಕಡೆ ನೋಡುತ್ತ, "ನಿಮ್ಗೆ ಹೆಂಗೆ ಅನುಕೂಲನೋ ನೋಡಿ," ಅಂದರು.

ಹೇಳ್ತೀನಿ ಅಂದೆ. ಹಾಲಿನ ಪ್ಯಾಕೆಟ್ಟು ಹಿಡಿದು ವಾಪಸು ಬರುವಾಗ ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಅವರಿಗೆ ಕರೆ, ನನಗೆ ಅನುಕೂಲ. ನನ್ನ ಬಾಯಿಂದಲೇ ಅವರನ್ನು ಕರೆಸಬೇಕು, ನಾನು ಮೇಲೆ ಅನ್ನ ಬೇಯಿಸಿಕೊಂಡು ಕೂರಬೇಕು. ಕೋಣೆಗೆ ಬಂದಾಗ ಟೀಚರು ತಲೆ ಬಾಚಿಕೊಳ್ಳುತ್ತಿದ್ದಳು.

"ನಿನ್ನೆ ಅವ್ವಾರು ಸಾರು ಮಾಡ್ತೇನಿ ಅಂದಿದ್ರಲ್ಲ, ಎಷ್ಟೊತ್ತಿಗಂತ?"

"ಅವರ ಮನ್ಯಾಗ ಯಾರೋ ಬೀಗರು ಬರೋರದಾರಂತ. ಸಾರು ಇನ್ನೊಂದ ಸಲ ಬಂದಾಗ ಅಂದ್ರು," ಅಂದೆ.

ಇಷ್ಟು ಸಲೀಸಾಗಿ ನಾನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಅವಳ ಮುಖ ಇಳಿದದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ಹಿಂಜರಿಕೆಯಾಗುತ್ತದೆ, ಆದರೆ ಸಮಾಧಾನವೇ ಆಯಿತು.

ಹೊರಡುವಾಗ ಆಂಟಿ ಸ್ನಾನಕ್ಕೆ ಹೋಗಿದ್ದರು. ಅದು ನನ್ನ ಅದೃಷ್ಟ ಅಂದುಕೊಂಡೆ. ಇಂದಿರಾನಗರದಲ್ಲಿ ಅವರಿಬ್ಬರನ್ನು ದಿನವಿಡೀ ತಿರುಗಿಸಿದೆ. ನೂರಡಿ ರಸ್ತೆಯ ಅಂಗಡಿಗಳು, ಮರಗಳ ಕೆಳಗಿನ ಹಳೇ ಬಂಗಲೆಗಳು, ನನ್ನ ಕ್ಲಿನಿಕ್ಕು, ನಾನು ಊಟ ಮಾಡುವ ಮೆಸ್ಸು. ಕ್ಲಿನಿಕ್ಕಿನಲ್ಲಿ ಇಬ್ಬರ ಕಣ್ಣನ್ನೂ ಪರೀಕ್ಷೆ ಮಾಡಿದೆ. ಟೀಚರಿಗೆ ದೂರದ ಅಕ್ಷರ ನನಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು, ಅದಕ್ಕೂ ಬೇಜಾರಾಯಿತು. ಆರು ಗಂಟೆಗೆ ಅವಳು, ಇನ್ನು ಮನೆಗೆ ಹೋಗೋಣ, ಅವ್ವಾರ ಜೊತೆ ಸ್ವಲ್ಪ ಕೂರುತ್ತೇನೆ ಅಂದಳು. ಬೀಗರಿರುತ್ತಾರೆ ಅಂತ ನೆನಪು ಮಾಡಿ ಒಂದು ಕೆಫೆಗೆ ಕರೆದುಕೊಂಡು ಹೋದೆ. ಹೆಸರು ಓದಲು ಬಾರದ ಕೇಕು, ಚೀಸು ಸುರಿದ ಬ್ರೆಡ್ಡು, ಕೊನೆಗೆ ಪಾಸ್ತಾ ಅಂತ ತರಿಸುತ್ತಲೇ ಹೋದೆ. ಇಬ್ಬರ ಹೊಟ್ಟೆಯಲ್ಲೂ ಒಂದು ತುತ್ತಿಗೂ ಜಾಗ ಉಳಿಯಬಾರದು ಅಂತ ನನ್ನ ಹಟ.

ಎಂಟು ಗಂಟೆಗೆ ಮನೆ ತಲುಪಿದೆವು. ಆಂಟಿ ಗೇಟಿನ ಬಳಿ ನಿಂತಿದ್ದರು. ಹಸಿರು ರೇಷ್ಮೆ ಸೀರೆ ಉಟ್ಟಿದ್ದರು, ತುರುಬಿಗೆ ಹೂವು ಮುಡಿದಿದ್ದರು. ಸಾರಿನ ವಾಸನೆ ಬೀದಿಯವರೆಗೂ ಬರುತ್ತಿತ್ತು. ಒಳಗೆ ಬೀಗರಿಲ್ಲದ್ದು ತೆರೆದ ಬಾಗಿಲಿನಿಂದಲೇ ಕಾಣುತ್ತಿತ್ತು.

"ಎಷ್ಟೊತ್ತಮ್ಮ? ಏಳಕ್ಕೇ ಅಂತ ಮೇಡಮ್ ಕೈಲಿ ಹೇಳಿ ಕಳಿಸಿದ್ನಲ್ಲ. ಮೂರು ಸಲ ಬಿಸಿ ಮಾಡ್ದೆ," ಅಂದರು.

ಟೀಚರು ನನ್ನ ಕಡೆ ತಿರುಗಿದಳು. ನಾನು ಗೇಟಿನ ಚಿಲಕ ನೋಡುತ್ತ ನಿಂತೆ. ಬೈಯುತ್ತಾಳೆ, ಈಗಲೇ ಎಲ್ಲ ಬಯಲಾಗುತ್ತದೆ ಅಂದುಕೊಂಡೆ.

"ನಾನ ಮರತೆ ನೋಡ್ರಿ ಅವ್ವಾರ," ಅಂದಳು. "ಆಕಿ ಮುಂಜಾನೆನ ಹೇಳಿದ್ಲು. ಅಂಗಡಿ ನೋಡ್ಕೋಂತ ನಂಗ ಧ್ಯಾನಾನ ಉಳೀಲಿಲ್ಲ. ತಪ್ಪಾತ್ರಿ. ನಡೀರಿ, ಹಸಿದು ಸಾಯಾಕತ್ತೇನಿ."

ಅವಳು ಆಂಟಿಯ ಭುಜ ಹಿಡಿದು ಒಳಗೆ ನಡೆದಳು. ಟೇಲರ್ ಗೆಳತಿ ತನ್ನ ಹೊಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹಿಂದೆ ಹೋದಳು. ನಾನು ತಲೆನೋವು ಅಂದೆ. ಯಾರೂ ಕೇಳಿರಲಿಲ್ಲ.

ಮೇಲೆ ಬಂದು ದೀಪ ಹಾಕದೆ ಮಂಚದ ಮೇಲೆ ಕೂತೆ. ತಟ್ಟೆಗಳ ಸದ್ದು, ಮಾತು, ಅವಳ ನಗು ಎಲ್ಲ ನೆಲದ ಕೆಳಗಿನಿಂದ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ನಾಚಿಕೆ ಮೊದಲು ಬರಬೇಕು. ನನಗೆ ಮೊದಲು ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ನಾನು ಮಾಡಿದ ತಪ್ಪನ್ನೂ ಕಿತ್ತುಕೊಂಡು, ಅದರಲ್ಲೂ ಅವಳೇ ಒಳ್ಳೆಯವಳಾಗಿ, ನಾನು ಬರಿಗೈಯಲ್ಲಿ ಉಳಿದೆನಲ್ಲ ಅನ್ನಿಸಿತು. ನಾಚಿಕೆ ಬಂದದ್ದು ಆಮೇಲೆ, ಪಾಸ್ತಾ ತಿಂದ ಹೊಟ್ಟೆಯ ಮೇಲೆ ಅವಳು ಈಗ ಎಷ್ಟನೆಯ ಮುದ್ದೆ ನುಂಗುತ್ತಿರಬಹುದು ಅಂತ ನೆನೆದಾಗ.

ಮಾರನೆಯ ಬೆಳಗ್ಗೆ ಅವರಿಗೆ ರೈಲಿತ್ತು. ಮೆಜೆಸ್ಟಿಕ್ಕಿಗೆ ಮೆಟ್ರೊದಲ್ಲಿ ತಾವೇ ಹೋಗುತ್ತೇವೆ ಅಂದರು, ನಾನು ಬೈಯಪ್ಪನಹಳ್ಳಿ ಸ್ಟೇಷನ್ನಿನವರೆಗೆ ಜೊತೆಗೆ ನಡೆದೆ. ಟೇಲರ್ ಗೆಳತಿ ಲೇಸಿನ ಗಂಟು ಹೊತ್ತು ಮುಂದೆ ಹೋದಳು. ಟೀಚರು ಟಿಕೆಟ್ ಗೇಟಿನ ಬಳಿ ನಿಂತಳು. ರಾತ್ರಿಯಿಂದ ಅವಳು ನನ್ನ ಹತ್ತಿರ ಹೆಚ್ಚು ಮಾತಾಡಿರಲಿಲ್ಲ.

"ಯಾಕ ಹಂಗ ಮಾಡಿದಿ?"

"ಹೊಟ್ಟಿ ಉರೀತು," ಅಂದೆ.

"ಯಾರ ಮ್ಯಾಲೆ?"

"ನಿನ್ನ ಮ್ಯಾಲೆ. ಇನ್ಯಾರ ಮ್ಯಾಲೆ?"

ಅವಳು ಸಿಟ್ಟಾಗಿರಲಿಲ್ಲ, ನಗಲೂ ಇಲ್ಲ.

"ನಂಗ ಹೇಳಿದಿ, ಆತು. ಅವರಿಗೂ ಹೋಗಿ ಹೇಳು. ಅವರು ಪೂರಾ ಒಂದ ದಿನ ಕುಂತು ಆ ಕಾಳು ಹಿಚುಕ್ಯಾರ," ಅಂದಳು. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಒಳಗೆ ಹೋದಳು.

ಅಂದು ನನಗೆ ರಜೆಯೇ ಇತ್ತು. ನೇರ ಮನೆಗೆ ಹೋಗದೆ ಹಳೇ ಮದರಾಸು ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಬೇಕಿಲ್ಲದ ಟೂತ್‌ಪೇಸ್ಟು ಕೊಂಡು, ಹನ್ನೊಂದರ ಹೊತ್ತಿಗೆ ಬಂದೆ. ಆಂಟಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಮೆಟ್ಟಿಲ ಬಳಿ ನಿಂತೆ. ಹೇಗೆ ಶುರುಮಾಡುವುದು ತಿಳಿಯದೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ.

"ಆಂಟಿ, ನಿನ್ನೆ ಅವಳು ಮರೆತಿದ್ದಲ್ಲ. ನಾನೇ ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ."

ಅವರು ಸೀರೆಯೊಂದನ್ನು ಕೊಡವಿ ತಂತಿಗೆ ಹಾಕಿದರು. "ಗೊತ್ತಾಯ್ತು," ಅಂದರು. "ಆ ಹುಡುಗಿ ಹೊಟ್ಟೆ ತುಂಬಿತ್ತು ಅಂತ ಎರಡನೇ ತುತ್ತಿಗೇ ಗೊತ್ತಾಯ್ತು. ಹಸಿದೋರು ಹಂಗೆ ತಿನ್ನಲ್ಲ." ಇನ್ನೊಂದು ಬಟ್ಟೆ ತೆಗೆದುಕೊಂಡರು. "ಯಾಕೆ ಮೇಡಮ್? ನಾನು ನಿಮಗೇನು ಮಾಡಿದ್ದೆ?"

ಆ ಪ್ರಶ್ನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತು ದಾಟಿದ ಹೆಂಗಸು, ಟೂತ್‌ಪೇಸ್ಟು ಹಿಡಿದು, ಮಕ್ಕಳ ಹಾಗೆ.

"ಆರು ವರ್ಷದಾಗ ನನ್ನ ಒಂದ ಸಲಾನೂ ಒಳಗ ಕರೀಲಿಲ್ರಿ ನೀವು. ಆಕಿನ್ನ ಬಂದ ದಿನಾನ ಕರದ್ರಿ."

ಆಂಟಿಯ ಕೈ ನಿಂತಿತು. ಅವರು ನಿಜಕ್ಕೂ ತಬ್ಬಿಬ್ಬಾಗಿದ್ದರು.

"ಕರ್ದಿದ್ನಲ್ಲ ಮೇಡಮ್."

"ಯಾವಾಗ್ರಿ?"

"ನೀವು ಸಾಮಾನು ತಂದ ದಿನ. ಕಾಫಿ ಕುಡೀರಿ ಅಂದೆ, ಬ್ಯಾಡ್ರಿ ಅಂದ್ರಿ. ಒಲೆ ಜೋಡ್ಸಿಲ್ಲ, ಇಲ್ಲೇ ಊಟ ಮಾಡಿ ಅಂದೆ, ಬ್ಯಾಡ್ರಿ ಅಂದ್ರಿ. ಗೌರಿ ಹಬ್ಬಕ್ಕೆ ಒಬ್ಬಟ್ಟು ಇಟ್ಕೊಂಡು ಮೇಲ್ಗಂಟ ಬಂದೆ. ಬ್ಯಾಡ್ರಿ, ಈಗಷ್ಟೇ ಊಟ ಆಯ್ತು ಅಂದ್ರಿ. ತಟ್ಟೆ ಹಿಡ್ಕೊಂಡು ಹಂಗೇ ಇಳ್ದೆ. ನಮ್ಮೆಜಮಾನ್ರು ಹೇಳಿದ್ರು, ಆ ಹುಡುಗಿ ಪ್ಯೂರ್ ವೆಜ್ಜು, ನಾವು ಬಾಡು ಬೇಯ್ಸೋರು, ನಮ್ಮನೇಲಿ ತಿನ್ನಲ್ಲ ಕಣೇ, ಬಲವಂತ ಮಾಡಿ ಯಾಕೆ ಮುಜುಗರ ಮಾಡ್ತೀಯ ಅಂತ. ಅವತ್ತಿಂದ ಸುಮ್ನಾದೆ. ಭಾನುವಾರ ಸಾರು ಕುದಿಸೋವಾಗ ಮೆಟ್ಲು ಕಡೆ ಕಿಟಕಿ ಮುಚ್ಚೇ ಇಡ್ತೀನಿ. ನಿಮಗೆ ವಾಸ್ನೆ ಆಗಲ್ವೇನೋ ಅಂತ."

ಆ ಮುಚ್ಚಿದ ಕಿಟಕಿಯನ್ನು ನಾನು ನೋಡಿದ್ದೆ. ಭಾನುವಾರ ಮನೆಯವರೆಲ್ಲ ಸೇರಿದಾಗ ನನ್ನ ಕಣ್ಣು ಬೀಳಬಾರದೆಂದು ಮುಚ್ಚುತ್ತಾರೆ ಅಂತ ಅರ್ಥ ಮಾಡಿಕೊಂಡಿದ್ದೆ.

ಒಬ್ಬಟ್ಟಿನ ತಟ್ಟೆಯೂ ಆಗ ನೆನಪಿಗೆ ಬಂತು. ತುಪ್ಪ ಹಚ್ಚಿದ್ದರು. ನಮ್ಮ ಕಡೆ ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲಕ್ಕೇ ಹೂಂ ಅನ್ನುವುದು ಆಸೆಬುರುಕರ ಲಕ್ಷಣ. ಬ್ಯಾಡ್ರಿ ಅನ್ನಬೇಕು. ಕೊಡುವವರು, ಅದೆಂಗ ಬ್ಯಾಡ ಅಂತೀರಿ ಅಂತ ಕೈ ಹಿಡಿದು ಜಗ್ಗಬೇಕು. ಇನ್ನೊಮ್ಮೆ ಬ್ಯಾಡ್ರಿ. ಮೂರನೆಯ ಸಲ ಅವರು ಹೆಚ್ಚುಕಡಿಮೆ ಜಗಳಕ್ಕೇ ಬಂದಾಗ, ಆತು, ಒಂದ ಚೂರ ಅಂತ ಕೂರಬೇಕು. ನಮ್ಮವ್ವ ತೊಡೆ ಚಿವುಟಿ ಕಲಿಸಿದ ಮರ್ಯಾದೆ ಇದು. ಒಬ್ಬಟ್ಟಿನ ಮುಂದೆ ಬ್ಯಾಡ್ರಿ ಅಂದು, ಬಾಯಲ್ಲಿ ನೀರೂರಿಸಿಕೊಂಡು, ಎರಡನೆಯ ಒತ್ತಾಯಕ್ಕೆ ಕಾದು ನಿಂತಿದ್ದೆ. ತಟ್ಟೆ ಮೆಟ್ಟಿಲಿಳಿದು ಹೋಗಿತ್ತು. ನಮ್ಮ ಹಾಸ್ಟೆಲಿನಲ್ಲೆಲ್ಲ ಈ ಮರ್ಯಾದೆ ಕಲಿಯದೆ ಉಳಿದವಳು ಒಬ್ಬಳೇ.

ಇದನ್ನೆಲ್ಲ ಆಂಟಿಗೆ ತೊದಲುತ್ತ ಹೇಳಿದೆ. ಅವರು ಬಕೆಟ್ಟಿನ ಅಂಚು ಹಿಡಿದು ಕೇಳಿದರು. ಅವರಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಬೇಕಿದ್ದನ್ನು ಬೇಡ ಅನ್ನುವುದು ಎಂಥ ಮರ್ಯಾದೆ ಅಂತ ಅವರ ಮುಖದಲ್ಲಿತ್ತು. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡರು.

"ನಿನ್ನೆ ಸಾರು ಇನ್ನೂ ಇದೆ. ಊಟ ಮಾಡ್ತೀರಾ?"

"ಬ್ಯಾಡ್ರಿ," ಅಂದಿತು ನನ್ನ ಬಾಯಿ. "ಈಗರ ನಾಷ್ಟಾ ಆತು."

"ಸರಿ ಮೇಡಮ್," ಅಂದು ಅವರು ಬಕೆಟ್ಟು ಎತ್ತಿಕೊಂಡು ಒಳಗೆ ನಡೆದರು.

ಅವರು ಹೊಸ್ತಿಲು ದಾಟುವವರೆಗೂ ನಾನು ಎರಡನೆಯ ಒತ್ತಾಯಕ್ಕೆ ಕಾದೆ. ಆಮೇಲೆ ಚಪ್ಪಲಿ ಬಿಟ್ಟು ಓಡಿದೆ. ಚಪ್ಪಲಿ ಸ್ಟ್ಯಾಂಡು, ಟಿ.ವಿ., ಒಂದು ಮಡಚಿದ ಚಾಪೆ ದಾಟಿದರೆ ಅಡುಗೆಮನೆ. ಆಂಟಿ ತಿರುಗಿ ನೋಡಿದರು.

"ನಾಷ್ಟಾ ಆಗಿಲ್ರಿ," ಅಂದೆ. "ಹಸಿವಾಗೇತಿ. ಹಾಕ್ರಿ."

ನೆಲದ ಮೇಲೆ ಕೂರಿಸಿ ಬಡಿಸಿದರು. ಕುರ್ಚಿ ತರಲಿಲ್ಲ. ಮುದ್ದೆ ಕೈ ಸುಡುತ್ತಿತ್ತು, ಸಾರು ರಾತ್ರಿ ಕಳೆದು ಇನ್ನೂ ರುಚಿಯಾಗಿತ್ತು. ನಾನೂ ಅಗಿದೆ, ಅಗೀಬೇಡಿ ನುಂಗಿ ಅಂದರು, ನುಂಗಿದೆ, ಗಂಟಲಿಗೆ ಸಿಕ್ಕಿ ನೀರು ಕುಡಿದೆ. ಅವರು ಎದುರಿಗೆ ಗೋಡೆಗೊರಗಿ ಕೂತು ನೋಡುತ್ತಿದ್ದರು.

"ಪಾಪ, ಆ ಹುಡುಗಿ ಹೊಟ್ಟೇಲಿ ಜಾಗ ಇಲ್ದೇ ಇದ್ರೂ ನಿನ್ನೆ ಎರಡು ಮುದ್ದೆ ತಿಂದ್ಲು," ಅಂದರು. ಆ ದನಿಯಲ್ಲಿ ಅವಳ ಮೇಲೆ ಎಷ್ಟು ಪ್ರೀತಿ ಇತ್ತು ಅಂದರೆ ನನ್ನ ಮೈಯೆಲ್ಲ ಉರಿದುಹೋಯಿತು.

ಮೊದಲನೆಯ ಮುದ್ದೆ ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು.

"ನನಗ ಮೂರು ಹಾಕ್ರಿ," ಅಂದೆ.